ಚಪ್ಪಲಿ ಬೇಕು, ಮಾಡಿದ ಕೈ ಬೇಡವೇ?



ಇಟಲಿಯ ಪ್ರಾಡಾ ಕಂಪನಿ 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ನಾವೆಲ್ಲ ಸಿಡಿದೆದ್ದೆವು. ಆ ಸಿಟ್ಟು ನ್ಯಾಯವಾದದ್ದೇ. ಬಿಳಿಯರ ಕೈಯದಾದರೆ ವಿನ್ಯಾಸ, ನಮ್ಮವರ ಕೈಯದಾದರೆ ಬರೀ ಹಳ್ಳಿ ಕಸುಬು ಎನ್ನುವ ಇಬ್ಬಗೆ ನೀತಿಯನ್ನು ಎಷ್ಟು ದಿನ ಸಹಿಸುವುದು? ಟೀಕೆಯ ಬಳಿಕ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಜತೆ ಒಪ್ಪಂದವಾಯಿತು. 2,000 ಜೋಡಿಗಳನ್ನು ಈ ಎರಡು ರಾಜ್ಯಗಳಲ್ಲೇ ಮಾಡಿಸಿ, ಜೋಡಿಗೆ ಸುಮಾರು 800 ಯೂರೊದಂತೆ ಮಾರುವುದಾಗಿ ಕಂಪನಿ ಹೇಳಿತು.

ಇಷ್ಟೆಲ್ಲ ಗದ್ದಲದಲ್ಲಿ ಇದೇ ಚಪ್ಪಲಿ ಮಾಡುವ ನಮ್ಮ ಅಥಣಿಯ ಹೆಸರು ಎಷ್ಟು ಜನರ ಬಾಯಲ್ಲಿ ಬಂತು? ಕೊಲ್ಹಾಪುರಿ ಚಪ್ಪಲಿಯ 2019ರ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗಷ್ಟೇ ಅಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲನ್ನು ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿಯುವ ಸಮಗಾರರು, ಅದಕ್ಕೆ ಜಡೆ ಹೆಣೆಯುವ ಹೆಣ್ಣುಮಕ್ಕಳು ನಮ್ಮ ನೆರೆಹೊರೆಯವರು.

ಆದರೆ ಅವರನ್ನು ನಾವು ಹೇಗೆ ನಡೆಸಿಕೊಂಡೆವು? ತೊಗಲು ಮುಟ್ಟುತ್ತಾರೆಂದು ಅವರ ಕೇರಿಯನ್ನು ಊರಾಚೆ ಇಟ್ಟವರು ಇಟಲಿಯವರಲ್ಲ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಸಮಗಾರ ಹರಳಯ್ಯನವರ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅವರ ಮಗನಿಗೆ ಬ್ರಾಹ್ಮಣ ಮೂಲದ ಶರಣ ಮಧುವರಸರು ಮಗಳನ್ನು ಕೊಟ್ಟದ್ದಕ್ಕೆ ಬೀಗರಿಬ್ಬರಿಗೂ ಮರಣದಂಡನೆಯಾಯಿತು. ಅಂಥ ಮದುವೆಗೆ ಇಂದೂ ಎಷ್ಟು ಮನೆಗಳು ಒಪ್ಪುತ್ತವೆ? ಪರದೇಶದಲ್ಲಿ ಮೈಬಣ್ಣ ನೋಡಿ ನಮ್ಮ ಮಕ್ಕಳನ್ನು ದೂರವಿಟ್ಟರೆ ನೋಯುವ ನಾವು, ಇಲ್ಲಿ ಕಸುಬು ನೋಡಿ ದೂರವಿಡುವುದನ್ನು ಸಂಪ್ರದಾಯ ಎನ್ನುತ್ತೇವೆ.

ಪ್ರಾಡಾದವರಿಂದ ಕೇಳಿದ್ದು ಎರಡನ್ನು: ಹೆಸರು ಮತ್ತು ಬೆಲೆ. ಅವೆರಡೂ ಮೊದಲು ನಮ್ಮಲ್ಲೇ ಸಿಗಲಿ. ಆ 800 ಯೂರೊದಲ್ಲಿ ಹೊಲಿದವರ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಲಿಡ್ಕರ್ ಬಹಿರಂಗಪಡಿಸಲಿ. ಪ್ರತಿ ಜೋಡಿಯ ಮೇಲೆ ಊರಿನ ಹೆಸರೂ ಮಾಡಿದವರ ಹೆಸರೂ ಇರಲಿ. ಮಾಲ್‌ನಲ್ಲಿ ಬೆಲೆಚೀಟಿ ನೋಡಿ ತುಟಿಪಿಟಕ್ಕೆನ್ನದೆ ಹಣ ಕೊಡುವ ನಾವು, ಅಥಣಿಯ ಸಂತೆಯಲ್ಲಿ ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡುವುದನ್ನು ಬಿಡೋಣ.

ಇತಿ,
ಅಥಣಿ ತಾಲ್ಲೂಕಿನ ಓದುಗ