ಅಟ್ಟದ ಫ್ಯಾನ್: ಕೊಳ್ಳುವ ಮುನ್ನ ಕಿಂಡಿ ಎಣಿಸಿ

ಬೇಸಿಗೆಯ ಸಂಜೆ. ಸೂರ್ಯ ಮುಳುಗಿ ಗಂಟೆಯಾಗಿದೆ. ಅಂಗಳದಲ್ಲಿ ತಣ್ಣನೆಯ ಗಾಳಿ ಆಡುತ್ತಿದೆ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ಮಾತ್ರ ಕುಲುಮೆಯ ಬಾಯಿಗೆ ಬಂದು ನಿಂತಂತೆ ಸೆಕೆ. ಹೊರಗಿರುವ ತಂಪು ಒಳಗೇಕೆ ಬಾರದು?

ಈ ಪ್ರಶ್ನೆ ರಾಯಚೂರಿನಲ್ಲೂ ಏಳುತ್ತದೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊದಲ್ಲೂ ಏಳುತ್ತದೆ. ಸ್ಯಾಕ್ರಮೆಂಟೊದ ಅನೇಕ ಮನೆಗಳು ಇದಕ್ಕೆ ಕಂಡುಕೊಂಡ ಉತ್ತರ, ಒಳಚಾವಣಿಗೆ ಕೂರಿಸಿದ ದೊಡ್ಡದೊಂದು ಫ್ಯಾನ್. ಅಲ್ಲಿನ ಮಗನ ಮನೆಗೋ ಮಗಳ ಮನೆಗೋ ಬೇಸಿಗೆ ಕಳೆಯಲು ಹೋಗಿಬಂದ ನಮ್ಮ ಹಿರಿಯರು ಇದನ್ನು ನೋಡಿರಬಹುದು. ಅಲ್ಲಿಯೇ ಮನೆ ಕೊಂಡ ಕನ್ನಡಿಗರು ಇಂತಹದೊಂದನ್ನು ಹಾಕಿಸೋಣವೇ ಎಂದು ಯೋಚಿಸುತ್ತಲೂ ಇರಬಹುದು. ಫ್ಯಾನ್ ಕೊಳ್ಳುವುದು ಸುಲಭ. ಆದರೆ ಅದಕ್ಕೆ ಮುನ್ನ ಎಣಿಸಬೇಕಾದ ಸಂಗತಿಗಳು ಎರಡು: ತಂಪು ರಾತ್ರಿಗಳು ಎಷ್ಟು, ಗಾಳಿ ಹೊರಹೋಗುವ ಕಿಂಡಿಗಳು ಎಷ್ಟು?

ಎರಡು ಫ್ಯಾನ್, ಒಂದೇ ಹೆಸರು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಅಮೆರಿಕದ ಸಾಮಾನ್ಯ ಮನೆಯದು ಮರದ ಚೌಕಟ್ಟು. ಕೋಣೆಗಳ ಮೇಲೆ ಜಿಪ್ಸಮ್ ಹಲಗೆಯ ಒಳಚಾವಣಿ, ಅದರ ಮೇಲೆ ಇಳಿಜಾರು ಸೂರು. ಇವೆರಡರ ನಡುವಿನ ಜಾಗವೇ ಅಟ್ಟ, ಅವರ ಮಾತಿನಲ್ಲಿ ಆಟಿಕ್. ಬೇಸಿಗೆಯ ಮಧ್ಯಾಹ್ನ ಈ ಅಟ್ಟದ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ.

ಸೂರಿಗೋ ಅಟ್ಟದ ಗೋಡೆಗೋ ಕೂರಿಸಿ ಅಟ್ಟದ ಬಿಸಿಗಾಳಿಯನ್ನಷ್ಟೇ ಹೊರದೂಡುವ ಚಿಕ್ಕ ಫ್ಯಾನ್ ಒಂದು ಬಗೆ. ಕೋಣೆಯ ಗಾಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಎರಡನೆಯದು ‘ಹೋಲ್ ಹೌಸ್ ಫ್ಯಾನ್’, ಎಂದರೆ ಇಡೀ ಮನೆಯ ಫ್ಯಾನ್. ಒಳಚಾವಣಿಯಲ್ಲಿ ಕೂತ ಇದು ಕೋಣೆಗಳ ಗಾಳಿಯನ್ನು ಮೇಲಕ್ಕೆಳೆದು ಅಟ್ಟಕ್ಕೆ ತಳ್ಳುತ್ತದೆ. ಅಟ್ಟದಲ್ಲಿದ್ದ ಬಿಸಿಗಾಳಿ ಸೂರಿನ ಕಿಂಡಿಗಳಿಂದ ಹೊರಬೀಳುತ್ತದೆ. ಖಾಲಿಯಾದ ಜಾಗಕ್ಕೆ ತೆರೆದ ಕಿಟಕಿಗಳ ಮೂಲಕ ಹೊರಗಿನ ತಂಪು ಗಾಳಿ ನುಗ್ಗುತ್ತದೆ. ಎರಡನ್ನೂ ಜನ ‘ಆಟಿಕ್ ಫ್ಯಾನ್’ ಎಂದೇ ಕರೆಯುವುದುಂಟು. ಅಂಗಡಿಯವನೊಡನೆ ಮಾತು ಶುರುಮಾಡುವಾಗಲೇ ಯಾವುದು ಬೇಕೆಂದು ಸ್ಪಷ್ಟಪಡಿಸುವುದು ಒಳ್ಳೆಯದು.

ಅರ್ಧ ಟನ್ ಗಾಳಿ

ಈ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬದಲಾಯಿಸುತ್ತದೆ ಅಷ್ಟೆ. ಹೊರಗಿನ ಗಾಳಿ ಎಷ್ಟು ತಣ್ಣಗಿದೆಯೋ ಅದಕ್ಕಿಂತ ಕೆಳಕ್ಕೆ ಮನೆಯನ್ನು ಇಳಿಸಲು ಅದರಿಂದಾಗದು.

ಸ್ಯಾಕ್ರಮೆಂಟೊ ಈ ದೃಷ್ಟಿಯಿಂದ ಅದೃಷ್ಟದ ಊರು. ಜುಲೈ ತಿಂಗಳ ಹಗಲಿನಲ್ಲಿ ಅಲ್ಲಿ ಸರಾಸರಿ 34 ಡಿಗ್ರಿಯ ಬಿಸಿಲು. ಸಂಜೆಯಾದಂತೆ ಪೆಸಿಫಿಕ್ ಸಾಗರದ ತಣ್ಣನೆಯ ಗಾಳಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಹಾದು, ನದಿಗಳು ಸೇರುವ ತಗ್ಗು ನೆಲದ ಮೇಲೆ ಹರಿದು ಕಣಿವೆಗೆ ನುಗ್ಗುತ್ತದೆ. ‘ಡೆಲ್ಟಾ ಬ್ರೀಜ್’ ಎಂದು ಅದಕ್ಕೆ ಹೆಸರು. ಬೆಳಗಿನ ಜಾವಕ್ಕೆ ಉಷ್ಣತೆ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಹೀಗಿಲ್ಲ. ಅಲ್ಲಿನ ಬೇಸಿಗೆಯ ರಾತ್ರಿಯೂ ಬೆಚ್ಚಗೆ, ಜೊತೆಗೆ ತೇವ. ಫ್ಯಾನ್ ಹಾಕಿದರೆ ತೇವವೆಲ್ಲ ಒಳಬಂದು ಹಾಸಿಗೆ, ಪರದೆಗಳಲ್ಲಿ ಕೂರುತ್ತದೆ. ಮರುದಿನ ಅದನ್ನು ಹಿಂಡಿ ತೆಗೆಯಲು ಎ.ಸಿ.ಗೆ ಹೆಚ್ಚಿನ ದುಡಿತ.

ಇನ್ನೊಂದು ಸಂಗತಿ. 1,800 ಚದರ ಅಡಿಯ, 8 ಅಡಿ ಎತ್ತರದ ಮನೆಯೊಂದನ್ನು ತೆಗೆದುಕೊಳ್ಳಿ. ಅದರೊಳಗೆ 14,400 ಘನ ಅಡಿ ಗಾಳಿಯಿದೆ. ತೂಗಿದರೆ ಸುಮಾರು 490 ಕಿಲೋ, ಅಂದರೆ ಹತ್ತಿರ ಹತ್ತಿರ ಅರ್ಧ ಟನ್! ಇದು ಬಹಳವೆನಿಸಿದರೂ ಗೋಡೆ, ನೆಲ, ಮಂಚ, ಬೀರುಗಳ ತೂಕದ ಮುಂದೆ ಏನೂ ಅಲ್ಲ. ದಿನವಿಡೀ ಶಾಖ ಕುಡಿದು ಕೂತವು ಈ ವಸ್ತುಗಳೇ. ಗಾಳಿಯನ್ನು ನಾಲ್ಕು ನಿಮಿಷದಲ್ಲಿ ಬದಲಾಯಿಸಿಬಿಡಬಹುದು, ಗೋಡೆಯನ್ನು ತಣಿಸಲು ಇಡೀ ರಾತ್ರಿ ಬೇಕು. ಆದ್ದರಿಂದ ಭಾರೀ ಫ್ಯಾನನ್ನು ಒಂದು ಗಂಟೆ ಅಬ್ಬರಿಸಿ ಓಡಿಸುವುದಕ್ಕಿಂತ ಸಾಧಾರಣ ಫ್ಯಾನನ್ನು ಬೆಳಗಿನವರೆಗೆ ಮೆಲ್ಲಗೆ ಓಡಿಸುವುದೇ ಲಾಭ. ಬಿಸಿಲೇರುವ ಮುನ್ನ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಪರದೆ ಎಳೆದರೆ ರಾತ್ರಿ ಕೂಡಿಟ್ಟ ತಂಪು ಮಧ್ಯಾಹ್ನದವರೆಗಾದರೂ ಬರುತ್ತದೆ.

ಅಳತೆ ಮತ್ತು ಕಿಂಡಿ

ಫ್ಯಾನಿನ ಶಕ್ತಿಯನ್ನು ಅದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗಿಸುತ್ತದೆ ಎಂಬುದರಿಂದ ಅಳೆಯುತ್ತಾರೆ. ಗಂಟೆಗೆ 30ರಿಂದ 60 ಸಲ ಮನೆಯ ಗಾಳಿ ಬದಲಾಗಬೇಕೆಂಬುದು ಹಳೆಯ ಸೂತ್ರ. ನಮ್ಮ ಲೆಕ್ಕದ ಮನೆಗೆ 30 ಸಲವೆಂದರೂ ನಿಮಿಷಕ್ಕೆ 7,200 ಘನ ಅಡಿಯ ಫ್ಯಾನ್ ಬೇಕು. ಈಚಿನ ಸದ್ದು ಕಡಿಮೆಯ ಫ್ಯಾನುಗಳನ್ನು ಕೂರಿಸುವವರು ಚದರ ಅಡಿಗೆ 2 ಘನ ಅಡಿಯಂತೆ ಲೆಕ್ಕ ಹಾಕುವುದುಂಟು. ಆಗ 3,600 ಘನ ಅಡಿ ಸಾಕು. ಅದು ಗಂಟೆಗೆ 15 ಸಲ ಗಾಳಿ ಬದಲಾಯಿಸುತ್ತದೆ.

ಯಾವುದನ್ನು ಆರಿಸುವುದು? ತೀರ್ಪು ಹೇಳುವುದು ಸೂರಿನ ಕಿಂಡಿ. ಪ್ರತಿ 750 ಘನ ಅಡಿಗೆ 1 ಚದರ ಅಡಿಯಷ್ಟು ತೆರಪು ಸೂರಿನಲ್ಲಿರಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಚಿಕ್ಕ ಫ್ಯಾನಿಗೆ 4.8 ಚದರ ಅಡಿ, ದೊಡ್ಡದಕ್ಕೆ 9.6 ಚದರ ಅಡಿ ಬೇಕಾಯಿತು. ಮನೆಯ ಸೂರಿನಲ್ಲಿ ಈಗಾಗಲೇ 6 ಚದರ ಅಡಿ ತೆರಪಿದ್ದರೆ ಚಿಕ್ಕ ಫ್ಯಾನಿಗೆ ಹೊಸ ಕಿಂಡಿ ಕೊರೆಯಬೇಕಿಲ್ಲ. ದೊಡ್ಡದನ್ನು ತಂದರೆ ಸೂರು ಕೊರೆಯುವ ಖರ್ಚೂ ಬಂತು.

ತೆರಪು ಎಂದರೆ ಕಿಂಡಿಯ ಚೌಕಟ್ಟಿನ ಅಳತೆಯಲ್ಲ. ಕೀಟ ತಡೆಯುವ ಜಾಲರಿ, ಮಳೆ ತಡೆಯುವ ಪಟ್ಟಿಗಳು ಅದರ ಅರ್ಧದಷ್ಟನ್ನು ನುಂಗಿಬಿಡಬಹುದು. ಗಾಳಿ ನಿಜವಾಗಿ ಹಾಯುವ ಜಾಗವನ್ನಷ್ಟೇ ಎಣಿಸಬೇಕು. ತೆರಪು ಸಾಲದಿದ್ದರೆ ಅಟ್ಟದಲ್ಲಿ ಒತ್ತಡ ಏರಿ, ಬಿಸಿಗಾಳಿಯೂ ಧೂಳೂ ವಿದ್ಯುತ್ ದೀಪದ ಸಂದುಗಳಿಂದ ಮತ್ತೆ ಕೋಣೆಗೇ ಇಳಿಯುತ್ತವೆ. ದುಬಾರಿ ಫ್ಯಾನ್ ತಂದೂ ಸೆಕೆ ಹೋಗಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಕಿಂಡಿಯ ಕೊರತೆ ಅಡಗಿರುತ್ತದೆ.

ಹಣದ ಲೆಕ್ಕ

ಹಳೆಯ ಮಾದರಿಯದು ಎರಡು ಮೂರು ಅಡಿ ಅಗಲದ ಫ್ಯಾನ್. ಬೆಲೆ ಕಡಿಮೆ, ಸದ್ದು ಹೆಚ್ಚು, ಒಳಚಾವಣಿಯಲ್ಲಿ ದೊಡ್ಡ ತೂತು. ಚಳಿಗಾಲದಲ್ಲಿ ಆ ತೂತಿನಿಂದ ಮನೆಯ ಬಿಸಿಗಾಳಿ ಸೋರದಂತೆ ಶಾಖನಿರೋಧಕ ಮುಚ್ಚಳ ಹಾಕಲೇಬೇಕು. ಹೊಸ ಮಾದರಿಯಲ್ಲಿ ಮೋಟಾರು ಅಟ್ಟದಲ್ಲಿ ತೂಗುತ್ತದೆ. ದಪ್ಪ ಮೆತುಕೊಳವೆಯೊಂದು ಅದನ್ನು ಒಳಚಾವಣಿಯ ಚಿಕ್ಕ ಬಾಯಿಗೆ ಜೋಡಿಸುತ್ತದೆ. ಫ್ಯಾನ್ ನಿಂತಾಗ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಸದ್ದು ಕಡಿಮೆ, ಬೆಲೆ ಹೆಚ್ಚು. ಮಲಗುವ ಕೋಣೆಯ ಪಕ್ಕದಲ್ಲಿ ರಾತ್ರಿಯೆಲ್ಲ ಓಡಬೇಕಾದ ಯಂತ್ರವಾದ್ದರಿಂದ ಸದ್ದಿನ ಲೆಕ್ಕ ಹಿಡಿಯುವುದು ವಿವೇಕ. ಸದ್ದು ತಾಳಲಾರದೆ ಆರಿಸಿಟ್ಟ ಫ್ಯಾನ್ ಉಳಿಸುವ ಹಣ ಸೊನ್ನೆ.

ಉದಾಹರಣೆಗೆ ಹೀಗೆಂದುಕೊಳ್ಳೋಣ: ಫ್ಯಾನಿಗೆ 1,100 ಡಾಲರ್, ವಿದ್ಯುತ್ ಕೆಲಸ ಮತ್ತು ಕೂಲಿಗೆ 550, ಹೆಚ್ಚುವರಿ ಕಿಂಡಿಗೆ 300, ಸ್ಥಳೀಯ ಆಡಳಿತದ ಅನುಮತಿಗೆ 100, ವಿಷಾನಿಲದ ಎಚ್ಚರಿಕೆ ಗಂಟೆಗೆ 50. ಒಟ್ಟು 2,100 ಡಾಲರ್. ಫ್ಯಾನಿನ ಬೆಲೆ ಒಟ್ಟು ಖರ್ಚಿನ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು ಎಂಬುದನ್ನು ಗಮನಿಸಬೇಕು.

ಇನ್ನು ಉಳಿತಾಯ. 3 ಕಿಲೋವಾಟ್ ಎಳೆಯುವ ಎ.ಸಿ. ರಾತ್ರಿ 5 ಗಂಟೆ ಓಡಿದರೆ 15 ಯೂನಿಟ್. ಯೂನಿಟ್ಟಿಗೆ 30 ಸೆಂಟಿನಂತೆ ನಾಲ್ಕೂವರೆ ಡಾಲರ್. 400 ವಾಟಿನ ಫ್ಯಾನ್ 8 ಗಂಟೆ ಓಡಿದರೆ 3.2 ಯೂನಿಟ್, 96 ಸೆಂಟ್. ರಾತ್ರಿಗೆ ಉಳಿಯುವುದು ಸುಮಾರು ಮೂರೂವರೆ ಡಾಲರ್. ವರ್ಷಕ್ಕೆ 100 ತಂಪು ರಾತ್ರಿಗಳು ಸಿಗುವ ಊರಿನಲ್ಲಿ ಹಾಕಿದ ಹಣ ಆರು ವರ್ಷದಲ್ಲಿ ಮರಳುತ್ತದೆ. 40 ರಾತ್ರಿಗಳು ಮಾತ್ರ ಸಿಕ್ಕರೆ ಹದಿನೈದು ವರ್ಷ ಬೇಕು. ಫ್ಯಾನ್ ಅದೇ, ಮನೆ ಅದೇ. ಬದಲಾದದ್ದು ರಾತ್ರಿಗಳ ಸಂಖ್ಯೆ. ಆದ್ದರಿಂದ ಒಂದು ಬೇಸಿಗೆ ಪೂರ್ತಿ ರಾತ್ರಿ ಹತ್ತು ಗಂಟೆಯ ಉಷ್ಣತೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ನೋಡುವುದು ಖರ್ಚಿಲ್ಲದ ಪರೀಕ್ಷೆ. ಕಾಳ್ಗಿಚ್ಚಿನ ಹೊಗೆ ಕವಿದ ರಾತ್ರಿಗಳನ್ನು ಇದರಲ್ಲಿ ಕಳೆಯಬೇಕು. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಆಕಾಶವೇ ಹೊಗೆಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂತಹ ದಿನಗಳಲ್ಲಿ ಕಿಟಕಿ ತೆರೆದು ಫ್ಯಾನ್ ಹಾಕುವುದೆಂದರೆ ಹೊಗೆಯನ್ನು ಕರೆದು ಕೂರಿಸಿದಂತೆ.

ಕಿಟಕಿ ಮೊದಲು, ಸ್ವಿಚ್ ಆಮೇಲೆ

ಹಣಕ್ಕಿಂತ ದೊಡ್ಡ ಮಾತೊಂದಿದೆ. ರಾಯಚೂರಿನಿಂದ ಬಂದ ತಂದೆ, ಮಗಳು ಹೊರಹೋದಾಗ ಸೆಕೆ ತಾಳದೆ ಗೋಡೆಯ ಸ್ವಿಚ್ ಒತ್ತಿದರು, ಕಿಟಕಿಗಳು ಮುಚ್ಚಿಯೇ ಇದ್ದವು ಎಂದಿಟ್ಟುಕೊಳ್ಳೋಣ. ಫ್ಯಾನ್ ಗಾಳಿ ಎಳೆಯುತ್ತಿದೆ, ಒಳಬರಲು ದಾರಿಯಿಲ್ಲ. ಮನೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಗಾಳಿ ಸಿಕ್ಕ ದಾರಿಯಿಂದ ನುಗ್ಗುತ್ತದೆ. ನೀರು ಕಾಯಿಸುವ ಗ್ಯಾಸ್ ಹಂಡೆಯ ಹೊಗೆ ಕೊಳವೆ ಅಂತಹ ದಾರಿಗಳಲ್ಲೊಂದು. ಮೇಲೇರಿ ಹೊರಹೋಗಬೇಕಾದ ಹೊಗೆ ತಿರುಗಿ ಮನೆಗೆ ಇಳಿಯುತ್ತದೆ. ಅದರಲ್ಲಿ ಕಾರ್ಬನ್ ಮೋನಾಕ್ಸೈಡ್ ಇರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು.

ಮನೆಗೆ ಬಂದವರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಡಬೇಕು. “ಅಪ್ಪಾ, ಮೊದ್ಲು ಕಿಟಕಿ ತೆಗೀರಿ, ಆಮ್ಯಾಲೆ ಸ್ವಿಚ್ ಹಾಕ್ರಿ” ಎಂಬ ಮಗಳ ಒಂದು ಮಾತು ಜೀವ ಉಳಿಸಬಲ್ಲದು. ಎಚ್ಚರಿಕೆ ಗಂಟೆಯ 50 ಡಾಲರನ್ನು ಉಳಿಸಲು ಹೋಗುವುದು ಮಾತ್ರ ಬುದ್ಧಿವಂತಿಕೆಯಲ್ಲ.

ನಮ್ಮಲ್ಲಿ?

ಈ ಎಚ್ಚರಿಕೆ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಮರಳಿ ಬಾರದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅಲ್ಲಿಯೂ ಕೊಂದದ್ದು ಇದೇ ಅನಿಲ. ಗೀಸರ್ ಬಚ್ಚಲಿನ ಹೊರಗಿರಬೇಕು, ಗಾಳಿ ಒಳಬರುವ ದಾರಿ ಎಂದೂ ತೆರೆದಿರಬೇಕು.

ಫ್ಯಾನಿನ ಮಾತಿಗೆ ಬಂದರೆ, ನಮ್ಮ ಆರ್‌ಸಿಸಿ ಮನೆಗೆ ಅಟ್ಟವಿಲ್ಲ. ಅಮೆರಿಕದ ಯಂತ್ರ ಇಲ್ಲಿಗೆ ಹೊಂದದು. ತತ್ತ್ವ ಮಾತ್ರ ಹೊಂದುತ್ತದೆ. ಏಪ್ರಿಲ್‌ನಲ್ಲೂ ರಾತ್ರಿ 22 ಡಿಗ್ರಿಯ ಆಸುಪಾಸಿಗೆ ಇಳಿಯುವ ಬೆಂಗಳೂರಿನಲ್ಲಿ, ತಾರಸಿಗೆ ಹೋಗುವ ಮೆಟ್ಟಿಲ ತುದಿಯಲ್ಲೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಕೆಳಗೆ ಸೊಳ್ಳೆಪರದೆಯ ಕಿಟಕಿ ತೆರೆದಿಟ್ಟರೆ ಕೆಲಸ ನಡೆಯುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ರಾತ್ರಿಯೂ 26-27 ಡಿಗ್ರಿ ಇರುವಾಗ ಅದರಿಂದ ಹೆಚ್ಚು ನಿರೀಕ್ಷಿಸಲಾಗದು. ಅಲ್ಲಿ ಮೊದಲ ಖರ್ಚು ತಾರಸಿಗೆ ಬಿಳಿ ಸುಣ್ಣ ಬಳಿಯುವುದಕ್ಕೆ.

ಹಳೆಯ ಮಾಳಿಗೆ ಮನೆಗಳ ನಡುಚಾವಣಿಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಏರುತ್ತಿತ್ತು. ಮೋಟಾರೂ ಇಲ್ಲ, ಬಿಲ್ಲೂ ಇಲ್ಲ. ಹೊರಹೋಗಲು ಮೇಲೊಂದು ದಾರಿ, ಒಳಬರಲು ಕೆಳಗೊಂದು ದಾರಿ ಎಂಬ ಪಾಠವನ್ನು ಅದನ್ನು ಕಟ್ಟಿದವರು ಬಲ್ಲವರಾಗಿದ್ದರು. ಎರಡು ಸಾವಿರ ಡಾಲರಿನ ಫ್ಯಾನ್ ಕೊಳ್ಳುವವರು ಮೊದಲು ಮಾಡಬೇಕಾದದ್ದೂ ಅಷ್ಟೇ: ಆ ಎರಡು ದಾರಿಗಳನ್ನು ಎಣಿಸುವುದು.