ನಾಡಿ ಹಿಡಿದಿದ್ದನ್ನು ನೋಡಿದವರಾರು?

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು ಎಲ್ಲರಿಗೂ ಪರಿಚಿತ ದೃಶ್ಯ. ಸುಲಭದ ಕೆಲಸ ಎನಿಸುತ್ತದೆ. ಆದರೆ ಅದರಲ್ಲಿ ತಪ್ಪಲು ಎಷ್ಟು ದಾರಿಗಳಿವೆ ನೋಡಿ. ಪಟ್ಟಿ ತೋಳಿಗೆ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಹಾಗೆಯೇ. ಇನ್ನು ಕೆಲವರಲ್ಲಿ, ಗಾಳಿ ಇಳಿಸುತ್ತಿರುವಾಗ ಕೇಳಿಸಿದ ಸದ್ದು ನಡುವೆ ಮಾಯವಾಗಿ, ಕೆಳಗೆ ಮತ್ತೆ ಕೇಳಿಸುತ್ತದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಅದು ನಿಂತ ಮೇಲೂ ಸ್ವಲ್ಪ ಗಾಳಿ ಏರಿಸದಿದ್ದರೆ 180 ಇರುವ ಒತ್ತಡ 140 ಎಂದು ದಾಖಲಾದೀತು!

ಇದರ ಬಗ್ಗೆ ಟಿಪ್ಪಣಿ ಬರೆಯಿರಿ ಎಂದರೆ ಎಂ.ಬಿ.ಬಿ.ಎಸ್. ವಿದ್ಯಾರ್ಥಿ ಸೊಗಸಾಗಿ ಬರೆಯುತ್ತಾನೆ. ಅದೇ ವಿದ್ಯಾರ್ಥಿ ವಾರ್ಡಿನಲ್ಲಿ ನಾಡಿಯನ್ನು ಮುಟ್ಟದೆಯೇ ಗಾಳಿ ತುಂಬಬಹುದು. ಉತ್ತರಪತ್ರಿಕೆ ತಿದ್ದಿದವರಿಗೆ ಅದು ಗೊತ್ತಾಗುವ ಬಗೆ ಹೇಗೆ?

ಹಳೆಯ ಪ್ರಾಯೋಗಿಕ ಪರೀಕ್ಷೆಯ ಕೊರತೆಯೂ ಇದೇ. 'ಲಾಂಗ್ ಕೇಸ್' ಎಂದು ಒಬ್ಬ ರೋಗಿಯನ್ನು ಒಪ್ಪಿಸಿ ಪರೀಕ್ಷಕರು ಹೊರಟುಬಿಡುವರು. ಬಂದ ಮೇಲೆ ಕೇಳುವುದು ವಿದ್ಯಾರ್ಥಿಯ ವರದಿಯನ್ನು. ಅವನು ರೋಗಿಯನ್ನು ಹೇಗೆ ಮುಟ್ಟಿದ, ಹೇಗೆ ಮಾತಾಡಿಸಿದ ಎಂಬುದನ್ನು ಕಂಡವರಿಲ್ಲ. ಅದೃಷ್ಟವೂ ಬೇಕು. ಒಬ್ಬನಿಗೆ ಲವಲವಿಕೆಯಿಂದ ಮಾತಾಡುವ ರೋಗಿ, ಇನ್ನೊಬ್ಬನಿಗೆ ಕಿವಿ ಕೇಳದ ಅಜ್ಜ.

ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಇದಕ್ಕೊಂದು ಪರಿಹಾರ ಪ್ರಕಟಿಸಿದರು. ಎಲ್ಲರೂ ಸಾಲಾಗಿ ಅವೇ ಮೇಜುಗಳನ್ನು ಸುತ್ತಬೇಕು. ಒಂದೊಂದರಲ್ಲಿ ಒಂದು ಕೆಲಸ, ಕೆಲವೇ ನಿಮಿಷ, ಪರೀಕ್ಷಕರ ಕೈಯಲ್ಲಿ ಒಂದೇ ಪಟ್ಟಿ. 'ಓಸ್ಕಿ' ಎಂಬ ಹೆಸರಿನಲ್ಲಿ ಅದು ಲೋಕದ ತುಂಬ ಹಬ್ಬಿತು. 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಕಲಿಕೆಯ ನಾಲ್ಕು ಮೆಟ್ಟಿಲು ಹೇಳಿದರು: ತಿಳಿದಿದೆ, ಹೇಗೆಂದು ತಿಳಿದಿದೆ, ಮಾಡಿ ತೋರಿಸುತ್ತಾನೆ, ನಿಜವಾಗಿ ಮಾಡುತ್ತಾನೆ. ಬರೆಯುವ ಪರೀಕ್ಷೆ ಮೊದಲೆರಡು ಮೆಟ್ಟಿಲು ದಾಟುವುದಿಲ್ಲ.

ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2019ರ ಎಂ.ಬಿ.ಬಿ.ಎಸ್. ತಂಡದಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ತಂದಾಗ ಈ ನಾಲ್ಕು ಮೆಟ್ಟಿಲುಗಳನ್ನೇ ಆಧಾರವಾಗಿಟ್ಟುಕೊಂಡಿತು. ಜೊತೆಗೆ ಲಾಗ್‌ಬುಕ್ ಬಂತು. ಅದರ ಮಾದರಿ ಪುಟ ಕುತೂಹಲಕರ. ಇದು ಮೊದಲ ಯತ್ನವೋ, ಮರುಯತ್ನವೋ? ನಿರೀಕ್ಷೆಗಿಂತ ಕೆಳಗೋ, ಸಮವೋ, ಮೇಲೋ? ಮುಗಿಯಿತೋ, ಮತ್ತೊಮ್ಮೆ ಮಾಡಬೇಕೋ? ಅಧ್ಯಾಪಕರ ಸಹಿ. ಅವರು ಹೇಳಿದ ತಿದ್ದುಪಡಿ ತನಗೆ ತಲುಪಿತೆಂದು ವಿದ್ಯಾರ್ಥಿಯ ಸಹಿ ಕೂಡ!

ಅಂದರೆ, ತಪ್ಪುವುದಕ್ಕೂ ಈ ಪುಸ್ತಕದಲ್ಲಿ ಜಾಗವಿದೆ. ನಮ್ಮ ಶಿಕ್ಷಣದಲ್ಲಿ ಇದೇನು ಸಣ್ಣ ಮಾತೇ? ಹಿಂದೆ ತಪ್ಪಿದವನು ನಪಾಸು, ಅಷ್ಟೇ.

ಆದರೆ ಕಾಗದ ಬದಲಾದಷ್ಟು ಬೇಗ ಅಭ್ಯಾಸ ಬದಲಾಗದು. 'ನಿರೀಕ್ಷೆಗಿಂತ ಕೆಳಗೆ' ಎಂದು ಬರೆಸಿಕೊಳ್ಳಲು ಯಾವ ವಿದ್ಯಾರ್ಥಿಗೆ ಇಷ್ಟ? ಚೆನ್ನಾಗಿ ಬರುವ ಕೆಲಸವನ್ನಷ್ಟೇ ಎದುರಿಗೆ ಮಾಡಿ, ಬಾರದ್ದನ್ನು ಮರೆಮಾಚುತ್ತಾನೆ. ಕಲಿಯಬೇಕಾದದ್ದು ಮರೆಮಾಚಿದ್ದೇ ಅಲ್ಲವೆ? ಅಧ್ಯಾಪಕರ ಪಾಡೂ ಸುಖದ್ದಲ್ಲ. ತರಗತಿಯಲ್ಲಿ 150, ಕೆಲವೆಡೆ 250 ಮಂದಿ. ಹೊರಗೆ ರೋಗಿಗಳ ಸಾಲು. ತಿಂಗಳ ಕೊನೆಗೆ ಮೇಜಿನ ಮೇಲೆ ಪುಸ್ತಕಗಳ ರಾಶಿ ಬಿದ್ದರೆ ಕೈ ತಾನಾಗಿ ಸಹಿ ಹಾಕುತ್ತದೆ. ಹೇಳದ ತಿದ್ದುಪಡಿ ತಲುಪಿತೆಂದು ವಿದ್ಯಾರ್ಥಿಯೂ ಸಹಿ ಹಾಕುತ್ತಾನೆ. ದಾಖಲೆ ಪೂರ್ಣ, ನಾಡಿಯನ್ನು ಮಾತ್ರ ಯಾರೂ ಹಿಡಿದಿಲ್ಲ.

ಪ್ರತಿದಿನ ಗಮನಿಸುವುದಕ್ಕೂ ಕೊನೆಗೆ ಪಾಸು ಮಾಡುವುದಕ್ಕೂ ಒಂದೇ ಪುಟವಿದ್ದರೆ ಹೀಗಾಗುವುದು ಸಹಜ. ದಿನದ ತಪ್ಪನ್ನು ಅಂಕದಿಂದ ದೂರವಿಟ್ಟು, ವಾರಕ್ಕೆ ಹತ್ತೇ ನಿಮಿಷವಾದರೂ ಒಬ್ಬೊಬ್ಬರ ಪಕ್ಕ ನಿಲ್ಲಲು ಅಧ್ಯಾಪಕರಿಗೆ ಬಿಡುವು ಕೊಡಬೇಕು. ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಎರಡು ಜೊತೆ ಕಿವಿನಳಿಗೆಗಳಿರುವ ಸ್ಟೆತಾಸ್ಕೋಪ್ ಎಂದೋ ಬಂದಿದೆ. ಒಂದು ಜೊತೆ ವಿದ್ಯಾರ್ಥಿಯ ಕಿವಿಗೆ, ಇನ್ನೊಂದು ಗುರುವಿನ ಕಿವಿಗೆ. ಗಾಳಿ ಇಳಿಯುತ್ತಿದ್ದಂತೆ ಸದ್ದು ಎಲ್ಲಿ ಮಾಯವಾಯಿತು, ಎಲ್ಲಿ ಮರಳಿತು ಎಂಬುದನ್ನು ಇಬ್ಬರೂ ಒಟ್ಟಿಗೇ ಕೇಳಬಹುದು.