‘ನಡೆದರೆ ಸಾಕು’ ಎನ್ನುವವರಿಗೆ

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿಸಿ ಹೊರಬರುವಾಗ, ಗೇಟಿನ ಬಳಿ ನಿಲ್ಲಿಸಿದ್ದ ನನ್ನ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲನ್ನು ನೋಡಿ ಹಿರಿಯರೊಬ್ಬರು, “ಅಲ್ಲೋ ತಮ್ಮಾ, ಈ ಡಬ್ಬಾ ಗಾಡಿ ಇನ್ನಾ ಇಟ್ಕೊಂಡೀಯೇನು? ಗುಜರಿಗೆ ಹಾಕು, ತೂಕಕ್ಕಾದ್ರೂ ನಾಕು ದುಡ್ಡು ಬರ್ತಾವ” ಎಂದರು. ಪಕ್ಕದಲ್ಲಿದ್ದ ಅವರ ಮೊಮ್ಮಗ, “ಬ್ಯಾಡ್ರಿ ಅಂಕಲ್, ಹ್ಯಾಂಡಲ್ ಎತ್ತರ ಮಾಡಿಸ್ರಿ, ಪೂರಾ ಕ್ರೋಮ್ ಹೊಡಿಸ್ರಿ, ಸೈಲೆನ್ಸರ್ ಬದ್ಲಿ ಮಾಡ್ರಿ, ಎಲ್ಲಾರೂ ತಿರುಗಿ ನೋಡ್ತಾರ” ಎಂದ.

ಇಬ್ಬರೂ ನನ್ನ ಹಿತೈಷಿಗಳೇ. ಆದರೆ ಒಬ್ಬರಿಗೆ ಗಾಡಿಯೆಂದರೆ ತೂಕ, ಇನ್ನೊಬ್ಬನಿಗೆ ಹೊಳಪು. ಅದು ಅಳತೆಯಿಂದ ಆದ ವಸ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅಂದು ಹಿರಿಯರ ಮುಂದೆ ನಕ್ಕು ಸುಮ್ಮನಾದೆ. ಇಲ್ಲಿ ಸುಮ್ಮನಿರಲಾರೆ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಮೈಸೂರಿನ ಹೆಸರೆತ್ತಿದರೆ ಸಾಕು, ಎದೆ ಉಬ್ಬುತ್ತದೆ. ಮೈಸೂರು ರೇಷ್ಮೆ, ಮೈಸೂರು ಪಾಕು, ಮೈಸೂರು ಗಂಧದ ಸಾಬೂನು, ಮೈಸೂರು ದಸರಾ! ಒಳ್ಳೆಯದೇ. ಆದರೆ ಅದೇ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಡನೆ 1960ರ ದಶಕದ ಆರಂಭದಿಂದ ಅಲ್ಲಿ ಜಾವಾ ಗಾಡಿಗಳು ತಯಾರಾದವು. 1973ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ತಾನೇ ಕಿಕ್ ಆಗುವ ಗೇರ್ ಲಿವರ್—ಇಂಥ ಗಾಡಿಯನ್ನು ಕನ್ನಡದ ಕೈಗಳು ಮಾಡಿ ದೇಶಕ್ಕೆಲ್ಲ ಕಳಿಸಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಾಬೂನಿಗೆ ಕೊಟ್ಟ ಅಭಿಮಾನದಲ್ಲಿ ನಾಲ್ಕಾಣೆಯಷ್ಟನ್ನೂ ನಾವು ಈ ಗಾಡಿಗೆ ಕೊಡಲಿಲ್ಲ. ಕಿಲೋ ಲೆಕ್ಕದಲ್ಲಿ ತೂಗಿ ಮಾರಿದೆವು.

ನನ್ನ ಗಾಡಿ ನಮ್ಮ ತಂದೆಯವರು 1983ರಲ್ಲಿ ಕಂತಿನ ಮೇಲೆ ಕೊಂಡದ್ದು. ಸೇಡಂನಿಂದ ನೌಕರಿಗೆಂದು ಇಲ್ಲಿಗೆ ಬಂದು ಸುಲ್ತಾನ್ ಬಜಾರಿನ ಒಂದು ಗಲ್ಲಿಯಲ್ಲಿ ಮನೆ ಮಾಡಿದರು. ಈಗಲೂ ನಾವು ಅಲ್ಲೇ ಇದ್ದೇವೆ. 2020ರಿಂದ ಮೆಟ್ರೋ ರೈಲು ನಮ್ಮ ಬಜಾರಿನ ನೆತ್ತಿಯ ಮೇಲೆ ಓಡುತ್ತಿದೆ. ತಂದೆಯವರು ತೀರಿಕೊಂಡ ಮೇಲೆ ಏಳು ವರ್ಷ ಮೂಲೆಯಲ್ಲಿ ನಿಂತಿದ್ದ ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟಲು ಹೊರಟೆ. ಆಗ ತಿಳಿದದ್ದು, ಬಿಡಿಭಾಗ ಸಿಗುವುದಿಲ್ಲ ಎಂದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಅವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನವು. ನಮ್ಮ ಟೂ ಸ್ಟ್ರೋಕ್ ಗಾಡಿಗೆ ಅವುಗಳ ಭಾಗ ಕೂಡುವುದಿಲ್ಲ. ಆದ್ದರಿಂದ ಎಷ್ಟೋ ಭಾಗಗಳನ್ನು ಮಾಡಿಸಲೇಬೇಕು.

ಮಾಡಿಸುವ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಮುಂದಿನ ಬ್ರೇಕಿನ ಕ್ಯಾಮ್ ಸವೆದಿತ್ತು. ಬ್ರೇಕ್ ಹಿಡಿದಾಗ ತಿರುಗಿ, ಎರಡು ಶೂಗಳನ್ನು ಡ್ರಮ್ಮಿಗೆ ಒತ್ತುವ ಸಣ್ಣ ಉಕ್ಕಿನ ತುಂಡು ಅದು. ಒಬ್ಬ ಲೇತಿನವನ ಬಳಿ ಹೋಗಿ ಹಳೆಯದನ್ನು ತೋರಿಸಿದೆ. ಅವನು ಹೇಳಿದ ದರಕ್ಕೆ ಅರ್ಧ ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಒಪ್ಪಿಕೊಂಡು, ಮೂಲೆಯಲ್ಲಿ ಬಿದ್ದಿದ್ದ ಮೆತ್ತನೆಯ ಕಬ್ಬಿಣದ ಸರಳಿನಲ್ಲಿ ಕ್ಯಾಮ್ ಕಡೆದು ಕೊಟ್ಟ. “ಕಾಮ್ ಚಲ್ ಜಾತಾ ಸಾಬ್” ಎಂದ. ಹದ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ನಡೆದರೆ ಸಾಕು ಎಂದು ತಂದು ಜೋಡಿಸಿದೆ.

ಮೂರು ವಾರ ನಡೆಯಿತು. ನಾಲ್ಕನೆಯ ವಾರ ಬಡಿ ಚೌಡಿಯ ಬಳಿ, ಹಿಂದೆ ಮಗಳು ಕುಳಿತಿದ್ದಾಗ, ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂತು, ಗಾಡಿ ನಿಲ್ಲಲಿಲ್ಲ. ತರಕಾರಿ ಬಂಡಿಗೆ ಬಡಿದು ಇಬ್ಬರೂ ಬಿದ್ದೆವು. ದೇವರು ದೊಡ್ಡವನು, ಮಗಳ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಕ್ಯಾಮ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು.

ಯಾರ ತಪ್ಪು? ಲೇತಿನವನನ್ನು ಬೈಯುವುದು ಸುಲಭ. ಆದರೆ ಬಿ.ಎಸ್‌ಸಿ. ಓದಿದವನು ನಾನು. ಲೋಹದ ಬಲವೇನು, ಹದವೇನು ಎಂದು ಪರೀಕ್ಷೆಯಲ್ಲಿ ಬರೆದವನು ನಾನು. ಅರ್ಧ ದರ ಕೇಳಿದವನೂ ನಾನೇ. ರೇಷ್ಮೆ ಸೀರೆಗೆ ಸಾವಿರ ಸಾವಿರ ಎಣಿಸುವ ನಾವು, ಪ್ರಾಣ ಕಾಯುವ ತುಂಡಿಗೆ ಹತ್ತು ರೂಪಾಯಿ ಜಗ್ಗುತ್ತೇವೆ. ಕೈಕೆಲಸದವನನ್ನು ಕೀಳಾಗಿ ಕಾಣುವ ನಮ್ಮ ಗುಮಾಸ್ತ ಬುದ್ಧಿಯೇ ಆ ಕ್ಯಾಮನ್ನು ತಿರುಚಿದ್ದು.

ಎರಡನೆಯ ಸಲ ಪುತ್ಲಿಬೌಲಿ ಕಡೆ ವಿಚಾರಿಸಿಕೊಂಡು ವಯಸ್ಸಾದ ಒಬ್ಬ ಉಸ್ತಾದರ ಬಳಿ ಹೋದೆ. ಅವರು ದರದ ಮಾತೇ ಎತ್ತಲಿಲ್ಲ. ಮೊದಲು ಕೇಳಿದ್ದು: ಇದು ಯಾವುದಕ್ಕೆ ತಾಗಿ ತಿರುಗುತ್ತದೆ? ಇದರ ಮೇಲೆ ಬೀಳುವ ಭಾರವೆಷ್ಟು? ಸವೆಯಬೇಕಾದದ್ದು ಇದೋ, ಇದರ ಜೊತೆಗಾರನೋ? ಕಾಲೇಜಿನಲ್ಲಿ ಮೂರು ವರ್ಷ ಯಾರೂ ನನ್ನನ್ನು ಇಷ್ಟು ನೇರವಾಗಿ ಪ್ರಶ್ನಿಸಿರಲಿಲ್ಲ. ಕ್ಯಾಮಿಗೆ ಅವರು ಇಎನ್-24 ಎಂಬ ಮಿಶ್ರ ಉಕ್ಕನ್ನು ಆರಿಸಿ, ಕಡೆದು, ಹದಕ್ಕೆ ಕಳಿಸಿದರು. ಹಿಂಚಕ್ರದ ಸ್ವಿಂಗ್ ಆರ್ಮ್ ಬುಶ್‌ಗಳನ್ನು ಕಂಚಿನಲ್ಲಿ ಮಾಡಿದರು. ಒಳಗಿನ ಉಕ್ಕಿನ ಪಿನ್ನು ಉಳಿಯಬೇಕು, ಅಗ್ಗದ ಬುಶ್ ಸವೆಯಬೇಕು ಎಂಬುದು ಲೆಕ್ಕ. ಬುಶ್ ಒತ್ತಿ ಕೂರಿಸಿದಾಗ ಅದರ ಒಳರಂಧ್ರ ಕೂದಲೆಳೆಯಷ್ಟು ಕಿರಿದಾಗುತ್ತದೆ. ಆದ್ದರಿಂದ ಕೂರಿಸಿದ ಮೇಲೆಯೇ ರೀಮರ್ ಹಾಕಿ ಅಳತೆಗೆ ತಂದರು. ಮೊದಲೇ ಅಳತೆಗೆ ಕೊರೆದು ತಂದು ಸುತ್ತಿಗೆಯಿಂದ ಬಡಿಯುವವರು ಈ ಮಾತನ್ನು ಗಮನಿಸಬೇಕು.

ಕ್ರ್ಯಾಂಕ್ ಕೇಸಿಗೆ ಬೇರಿಂಗ್ ಕೂರಿಸುವಾಗಲೂ ಸುತ್ತಿಗೆ ಎತ್ತಲಿಲ್ಲ. ಅಲ್ಯೂಮಿನಿಯಂ ಕೇಸನ್ನು ಬಿಸಿ ಮಾಡಿದರು; ಬೇರಿಂಗ್ ಕೈಯಿಂದಲೇ ಇಳಿಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. 52 ಮಿಲಿಮೀಟರ್ ರಂಧ್ರವಿರುವ ಅಲ್ಯೂಮಿನಿಯಂ 80 ಡಿಗ್ರಿ ಬಿಸಿಯೇರಿದರೆ ರಂಧ್ರ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ. ನಾನು ಬಾಯಿಪಾಠ ಮಾಡಿದ್ದ ಸೂತ್ರ ಉಸ್ತಾದರ ಬೆರಳಲ್ಲಿತ್ತು.

ಇನ್ನು ಕ್ರೋಮ್ ಪಕ್ಷದವರಿಗೆ ಎರಡು ಮಾತು. ಹೊಳಪೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಾರ್ಖಾನೆಯವರೂ ಕ್ರೋಮ್ ಮಾಡಿದ್ದರು. ಆದರೆ ಹದ ಮಾಡಿದ ಗಟ್ಟಿ ಉಕ್ಕಿಗೆ ವಿದ್ಯುತ್ ಲೇಪನ ಮಾಡುವಾಗ ಜಲಜನಕ ಉಕ್ಕಿನೊಳಗೆ ಸೇರುತ್ತದೆ. ಲೇಪನವಾದ ಕೂಡಲೆ ಸುಮಾರು 200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ಅದನ್ನು ಹೊರಹಾಕದಿದ್ದರೆ, ಆ ಉಕ್ಕು ಮುನ್ಸೂಚನೆಯಿಲ್ಲದೆ ಗಾಜಿನಂತೆ ಮುರಿಯಬಹುದು. ಚಕ್ರದ ಅಚ್ಚನ್ನು ಹೊಳೆಸಲು ಹೊರಟವರು ಇದನ್ನು ನೆನಪಿಡಲಿ. ಸೈಲೆನ್ಸರಿನ ಮಾತೂ ಹಾಗೆಯೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಅದು ಸದ್ದಡಗಿಸುವ ಕೊಳವೆ ಮಾತ್ರವಲ್ಲ. ಹೊಗೆಯೊಡನೆ ಹೊರಟ ಒತ್ತಡದ ಅಲೆ ಅದರೊಳಗೆ ತಿರುಗಿ ಬಂದು, ಸುಡದೆ ಹೊರಹೋಗಲಿದ್ದ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಕಂಡಂತೆ ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಸಾಯುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. 2021ರ ನಿಯಮಗಳ ಪ್ರಕಾರ 50 ವರ್ಷ ಮೀರಿದ ಗಾಡಿಗೆ ‘ವಿಂಟೇಜ್’ ನೋಂದಣಿ ಸಿಗಬೇಕಾದರೂ ಚಾಸಿಸ್, ಎಂಜಿನ್ ಮೂಲರೂಪದಲ್ಲಿರಬೇಕು. ನನ್ನ ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲ. ಇಂದು ಫ್ರೇಮ್ ಕತ್ತರಿಸಿದವನು ನಾಳೆ ಆ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

“ಇಷ್ಟೆಲ್ಲ ಖರ್ಚು ಸಂಬಳದವನಿಗೆ ಸಾಧ್ಯವೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೂ ಒಂದೇ ಸಲ ಸಾಧ್ಯವಾಗಲಿಲ್ಲ; ತಿಂಗಳಿಗೊಂದು ಭಾಗದಂತೆ ಎರಡು ವರ್ಷ ಹಿಡಿಯಿತು. ಎಲ್ಲರೂ ಹಳೆಯ ಗಾಡಿ ಇಟ್ಟುಕೊಳ್ಳಲಿ ಎಂದೂ ನಾನು ಹೇಳುವುದಿಲ್ಲ. ಆಗದವರು ಗುಜರಿಗೆ ಹಾಕುವ ಮೊದಲು, ಮಾಡಬಲ್ಲವರ ಕೈಗೆ ಕೊಡಲಿ. ಮಾಡಿಸುವವರು ಯಾವ ಲೋಹ, ಯಾವ ಹದ ಎಂದು ಕೇಳಲಿ. ಕೇಳಿದ ದರ ಕೊಡಲಿ.

ನಮ್ಮ ಸಂಘಕ್ಕೊಂದು ವಿನಂತಿ. ನಾನು ಮಾಡಿಸಿದ ಹನ್ನೊಂದು ಭಾಗಗಳ ಚಿತ್ರ, ಅಳತೆ, ಲೋಹದ ಹೆಸರುಗಳನ್ನು ಕನ್ನಡದಲ್ಲೇ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಿರುಚಿದ ಕ್ಯಾಮಿನ ಚಿತ್ರವೂ ಅದರಲ್ಲಿದೆ. ವರ್ನಿಯರ್ ಹಿಡಿದು ಅಳತೆ ಓದಿ ಹೇಳಿದವಳು ಬಿದ್ದು ಮೊಣಕೈ ತರಚಿಕೊಂಡ ನನ್ನ ಮಗಳೇ. ವಾಚನಾಲಯದ ಕಪಾಟಿನಲ್ಲಿ, ಕಾದಂಬರಿಗಳ ಪಕ್ಕದಲ್ಲಿ, ಆ ಪುಸ್ತಕಕ್ಕೆ ಜಾಗ ಕೊಡಿ. ರಾಜ್ಯೋತ್ಸವದ ದಿನ ಕವಿಗಳಿಗೂ ಗಾಯಕರಿಗೂ ಶಾಲು ಹೊದಿಸುವ ವೇದಿಕೆಯ ಮೇಲೆ ಒಂದು ವರ್ಷವಾದರೂ ಒಬ್ಬ ಟರ್ನರನ್ನು ಕೂರಿಸಿ. ಅವರು ಕನ್ನಡ ಬಾರದ ಪುತ್ಲಿಬೌಲಿಯ ಉಸ್ತಾದರಾದರೂ ಚಿಂತೆಯಿಲ್ಲ. ಮೈಸೂರಿನಲ್ಲಿ ಹುಟ್ಟಿದ ಗಾಡಿಯನ್ನು ಹೈದರಾಬಾದಿನಲ್ಲಿ ಉಳಿಸಿದವರು ಅವರು.